ಪುಸ್ತಕದಲ್ಲಿ ಇರುವುದನ್ನೇ ತರಗತಿಯಲ್ಲಿ ಏಕೆ ಕೇಳಬೇಕು?

ಪ್ರಶ್ನೆ: ನಾನು ಬಿ.ಎಸ್‌ಸಿ. ಮೊದಲ ವರ್ಷದಲ್ಲಿ ಗಣಿತ ಓದುತ್ತಿದ್ದೇನೆ. ತರಗತಿಯಲ್ಲಿ ಹೇಳುವುದೆಲ್ಲ ಪಠ್ಯಪುಸ್ತಕದಲ್ಲಿಯೇ ಇದೆ. ಆ ಒಂದು ಗಂಟೆ ಗ್ರಂಥಾಲಯದಲ್ಲಿ ಕುಳಿತು ಓದಿಕೊಳ್ಳುವುದೇ ಮೇಲಲ್ಲವೇ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಅಧ್ಯಾಪಕರು ಪುಸ್ತಕವನ್ನು ಓದಿ ಹೇಳುವುದಷ್ಟನ್ನೇ ಮಾಡುತ್ತಿದ್ದರೆ ನಿಮ್ಮ ಬೇಸರ ನ್ಯಾಯವಾದದ್ದು. ಲೆಕ್ಚರ್ ಎಂಬ ಪದದ ಲ್ಯಾಟಿನ್ ಮೂಲಕ್ಕೆ ಓದುವುದು ಎಂದೇ ಅರ್ಥ. ಹಸ್ತಪ್ರತಿಗಳು ದುರ್ಲಭವಾಗಿದ್ದ ಕಾಲದಲ್ಲಿ ಯುರೋಪಿನ ವಿಶ್ವವಿದ್ಯಾಲಯಗಳ ಗುರುಗಳು ಗ್ರಂಥವನ್ನು ಗಟ್ಟಿಯಾಗಿ ಓದಿ ವಿವರಿಸುತ್ತಿದ್ದರು. ಆ ಓದುವ ಕೆಲಸವನ್ನು ಮುದ್ರಣಯಂತ್ರ ಎಂದೋ ವಹಿಸಿಕೊಂಡಿದೆ. ಒಳ್ಳೆಯ ಪಾಠದಲ್ಲಿ ನಡೆಯುವುದು ಬೇರೆಯೇ.

ನೀವು ಹತ್ತನೆಯ ತರಗತಿಯಲ್ಲೇ ಕಂಡಿರುವ ಒಂದು ಸಾಧನೆಯನ್ನು ತೆಗೆದುಕೊಳ್ಳಿ: 2ರ ವರ್ಗಮೂಲ ಅಭಾಗಲಬ್ಧ ಸಂಖ್ಯೆ, ಅಂದರೆ ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲಾಗದ ಸಂಖ್ಯೆ ಎಂಬುದರ ಸಾಧನೆ. ಇದಕ್ಕೆ ವಿರುದ್ಧವಾದುದನ್ನೇ ಹಿಡಿದು ಅದು ತಪ್ಪೆಂದು ತೋರಿಸಲು, ಆ ವರ್ಗಮೂಲ ಎ/ಬಿ ಎಂಬ ಭಿನ್ನರಾಶಿಗೆ ಸಮ, ಎ ಮತ್ತು ಬಿ ಸಹ ಅವಿಭಾಜ್ಯಗಳು (1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲದವು) ಎಂದು ಪುಸ್ತಕ ಮೊದಲೇ ಭಾವಿಸಿಕೊಳ್ಳುತ್ತದೆ. ಈ ಎರಡನೆಯ ಮಾತು ಅಲ್ಲೇಕೆ ಬಂತೆಂದು ಓದುವವರಲ್ಲಿ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ. ನಾನು ಪಾಠ ಮಾಡುವಾಗ ಆ ಷರತ್ತನ್ನು ಬೇಕೆಂದೇ ಬಿಟ್ಟು ಆರಂಭಿಸುತ್ತೇನೆ. ಎರಡೂ ಕಡೆ ವರ್ಗ ಮಾಡಿದರೆ ಎ ವರ್ಗವು ಬಿ ವರ್ಗದ ಎರಡರಷ್ಟಾಗುತ್ತದೆ, ಆದ್ದರಿಂದ ಎ ಸಮಸಂಖ್ಯೆ. ಇಲ್ಲಿ ಕೆಲವರ ಹುಬ್ಬು ಗಂಟಿಕ್ಕುತ್ತದೆ. 3, 5, 7ರ ವರ್ಗಗಳನ್ನು ಬರೆದು, ಬೆಸಸಂಖ್ಯೆಯ ವರ್ಗ ಬೆಸವೇ ಆಗುವುದನ್ನು ತೋರಿಸಿ, ಆ ಮುಖಗಳು ತಿಳಿಯಾಗುವ ತನಕ ನಿಲ್ಲುತ್ತೇನೆ. ಎ ಬದಲು 2ಸಿ ಎಂದಿಟ್ಟರೆ ಬಿ ಕೂಡ ಸಮಸಂಖ್ಯೆ. ಆಗ ಯಾರಾದರೂ ಕೇಳುತ್ತಾರೆ, “ಎರಡನ್ನೂ 2ರಿಂದ ಭಾಗಿಸಿದರಾಯಿತಲ್ಲವೇ ಸರ್?” ಭಾಗಿಸುತ್ತೇವೆ. ಬಂದ ಸಂಖ್ಯೆಗಳೂ ಅದೇ ಸಮೀಕರಣಕ್ಕೆ ಒಪ್ಪುವುದರಿಂದ ಅವೂ ಸಮ; ಮತ್ತೆ ಭಾಗಿಸಿದರೆ ಮತ್ತೂ ಸಮ. ಧನ ಪೂರ್ಣಾಂಕವೊಂದನ್ನು ಹೀಗೆ ಕೊನೆಯೇ ಇಲ್ಲದೆ ಅರ್ಧ ಮಾಡುತ್ತ ಹೋಗಲಾಗದೆಂದು ಇಡೀ ತರಗತಿಗೆ ತಾನಾಗಿ ಕಾಣುತ್ತದೆ. ಆಗ ಹಲಗೆಯ ಮೊದಲ ಸಾಲಿಗೆ ಮರಳಿ ‘ಸಹ ಅವಿಭಾಜ್ಯ’ ಎಂದು ಸೇರಿಸಿದರೆ, ಇಷ್ಟು ದೂರದ ನಡಿಗೆಯನ್ನು ಉಳಿಸಲೆಂದೇ ಆ ಪದ ಅಲ್ಲಿ ಕುಳಿತಿದೆಯೆಂದು ಬಿಡಿಸಿ ಹೇಳಬೇಕಾಗುವುದಿಲ್ಲ. ಪುಸ್ತಕ ನಿಮಗೆ ಕೊಡುವುದು ಆ ತಿದ್ದಿದ ಮೊದಲ ಸಾಲನ್ನು; ತಿದ್ದಿದ್ದೇಕೆ ಎಂಬುದನ್ನು ಕಣ್ಣಾರೆ ಕಾಣುವುದು ತರಗತಿಯಲ್ಲಿ.

ಹಾಗೆಂದು ಪುಸ್ತಕವನ್ನು ಬಿಡಬೇಡಿ. ತಿಳಿಯದ ಸಾಲಿಗೆ ಹತ್ತು ಬಾರಿ ಮರಳುವ ಸೌಕರ್ಯ ಅದರಲ್ಲಿ ಮಾತ್ರ ಇದೆ. ಹಿಂದಿನ ರಾತ್ರಿ ಒಮ್ಮೆ ಕಣ್ಣಾಡಿಸಿ, ಸಿಕ್ಕಿಕೊಂಡ ಕಡೆ ಪೆನ್ಸಿಲಿನಿಂದ ಗುರುತು ಹಾಕಿಕೊಂಡು ತರಗತಿಗೆ ಹೋಗಿ. ಬರೀ ಓದಿ ಹೇಳುವ ಅಧ್ಯಾಪಕರಾದರೂ ಸರಿ, ಪಾಠ ಆ ಗುರುತಿಗೆ ಬಂದಾಗ ಎದ್ದು ನಿಂತು, ಈ ಮಾತು ಇಲ್ಲೇಕೆ ಬಂತೆಂದು ಕೇಳಿ.