ಇನ್ನೊಂದು ಆಪರೇಷನ್ ಮಾಡಿಸಲೇ?

ಪ್ರಶ್ನೆ: ನಾನು ಸಾರಿಗೆ ಸಂಸ್ಥೆಯ ಬಸ್ ಚಾಲಕ, ವಯಸ್ಸು 47. ಎರಡು ವರ್ಷದ ಹಿಂದೆ ಸೊಂಟದ ಎಲ್4–ಎಲ್5 ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ಜಾರಿ ಆಪರೇಷನ್ ಆಯಿತು. ಎಡಗಾಲಿಗೆ ಇಳಿಯುತ್ತಿದ್ದ ಸೆಳೆತ ಹೋಯಿತು, ಸೊಂಟದ ನೋವು ಮಾತ್ರ ಬಿಟ್ಟಿಲ್ಲ. ಕಾಲಿನ ಹೆಬ್ಬೆರಳಿಗೂ ಪೂರ್ತಿ ಬಲ ಬಂದಿಲ್ಲ; ಇದನ್ನು ಡಿಪೋದಲ್ಲಿ ಹೇಳಿಲ್ಲ. ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ ಎಂದು ಒಬ್ಬ ಡಾಕ್ಟರು, ಇನ್ನೊಂದು ಆಪರೇಷನ್ ಮಾಡಿಸಿ ಬೆನ್ನುಮೂಳೆಗೆ ಸ್ಕ್ರೂ ಹಾಕಿಸಿಕೊಳ್ಳಿ ಎಂದು ಇನ್ನೊಬ್ಬರು. ಡ್ಯೂಟಿ ತಪ್ಪಿಸಲು ನಾಟಕ ಎಂದು ಜೊತೆಯವರು. ನೋವು ಕಡಿಮೆ ಇದ್ದ ಭಾನುವಾರ ನೀರಿನ ಟ್ಯಾಂಕ್ ತೊಳೆದು, ಅಕ್ಕಿ ಮೂಟೆ ಒಳಗಿಟ್ಟೆ; ಆಮೇಲೆ ಮೂರು ದಿನ ಹಾಸಿಗೆ. ನರದ ನೋವಿನ ಪ್ರಿಗ್ಯಾಬಲಿನ್ ಮಾತ್ರೆ ನುಂಗುತ್ತೇನೆ, ನಿದ್ದೆಗೆಂದು ರಾತ್ರಿ ಒಂದು ಕ್ವಾರ್ಟರ್ ಕೂಡ. ಒಡವೆ ಅಡವಿಟ್ಟಾದರೂ ಆಪರೇಷನ್ ಮಾಡಿಸೋಣ ಎನ್ನುತ್ತಾಳೆ ಹೆಂಡತಿ. ಅವಳ ಮೇಲೆಯೇ ರೇಗುತ್ತೇನೆ. ಕೆಲವು ರಾತ್ರಿ, ಇದ್ದು ಏನು ಪ್ರಯೋಜನ ಅನ್ನಿಸುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದ ಕೊನೆಯ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ. ಅಂಥ ಯೋಚನೆ ಬರುವ ರಾತ್ರಿ ಒಬ್ಬರೇ ಕೂರಬೇಡಿ, ಹೆಂಡತಿಯನ್ನು ಎಬ್ಬಿಸಿ. ಅವರ ಮುಂದೆ ಬಾಯಿ ಬರದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಜೊತೆಗೇ ಆ ಕ್ವಾರ್ಟರ್ ವಿಷಯ. ಪ್ರಿಗ್ಯಾಬಲಿನ್ ಜೊತೆ ಮದ್ಯ ಸೇರಿದರೆ ಮಂಪರು ಹೆಚ್ಚುವುದಷ್ಟೇ ಅಲ್ಲ, ಉಸಿರಾಟವೇ ಕುಗ್ಗಬಹುದು. ಕುಡಿದು ಬಂದ ನಿದ್ದೆ ನಡುರಾತ್ರಿಗೇ ಒಡೆಯುತ್ತದೆ, ನಿದ್ದೆಗೆಟ್ಟ ಮೈಗೆ ನೋವು ಇನ್ನೂ ಜಾಸ್ತಿ. ನಿಮ್ಮ ಆ ಕೆಟ್ಟ ಯೋಚನೆಗಳೂ ಅದೇ ಹೊತ್ತಿನವು ಎಂದು ನನ್ನ ಗುಮಾನಿ. ಕುಡಿತ ಬಿಡಿ. ದಿನವೂ ಕುಡಿಯುತ್ತಿದ್ದರೆ ಬಿಡುವ ಬಗೆಯನ್ನು ಡಾಕ್ಟರ ಹತ್ತಿರವೇ ಕೇಳಿ. ಮಾತ್ರೆಯನ್ನಂತೂ ನೀವಾಗಿಯೇ ದಿಢೀರನೆ ನಿಲ್ಲಿಸಬೇಡಿ. ಅದು ಮೆಲ್ಲಗೆ ಇಳಿಸಬೇಕಾದ ಮಾತ್ರೆ.

ಇನ್ನು ನಾಟಕದ ಮಾತು. ಡಿಸ್ಕ್ ಆಪರೇಷನ್ ಮಾಡುವುದು ಮುಖ್ಯವಾಗಿ ನರವನ್ನು ಒತ್ತುತ್ತಿರುವ ತುಣುಕನ್ನು ತೆಗೆಯಲು. ಒತ್ತಡ ಹೋದರೆ ಕಾಲಿನ ಸೆಳೆತ ಹೋಗುತ್ತದೆ, ನಿಮಗೂ ಹೋಗಿದೆ. ಸೊಂಟದ ನೋವೂ ಅದರ ಹಿಂದೆಯೇ ಹೋಗುತ್ತದೆಂದು ಯಾವ ಸರ್ಜನ್ನೂ ಖಾತ್ರಿ ಕೊಡಲಾರರು. ಇದನ್ನು ಮುಂಚೆಯೇ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ನಿಮ್ಮ ಅರ್ಧ ಸಂಕಟ ತಪ್ಪುತ್ತಿತ್ತು. ಸವೆದ ಡಿಸ್ಕ್, ಬೆನ್ನುಮೂಳೆಯ ಸಣ್ಣ ಕೀಲುಗಳು, ಮಲಗಿ ಮಲಗಿ ಸೊರಗಿದ ಸ್ನಾಯು, ಗಾಯ ಮಾಯುವಾಗ ನರದ ಸುತ್ತ ಬೆಳೆಯುವ ಕಲೆ, ಇವು ಯಾವುದರಿಂದಲೂ ನೋವು ಉಳಿಯಬಹುದು. ಬಹಳ ಕಾಲ ನೋವು ತಿಂದ ನರಮಂಡಲ ತಾನೇ ಅತಿ ಸೂಕ್ಷ್ಮವಾಗಿಬಿಡುವುದೂ ಉಂಟು: ಬಟನ್‌ನಿಂದ ಕೈ ತೆಗೆದರೂ ಹೊಡೆದುಕೊಳ್ಳುತ್ತಲೇ ಇರುವ ಬಸ್ಸಿನ ಹಾರ್ನ್ ಹಾಗೆ. ಅದು ಸ್ಕ್ಯಾನಿಂಗ್‌ನಲ್ಲಿ ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ರೋಗಗಳ ಪಟ್ಟಿಯಲ್ಲಿ, ಆಪರೇಷನ್ ಆಗಿ 3 ತಿಂಗಳು ದಾಟಿದರೂ ಹೋಗದ ನೋವಿಗೆ ತನ್ನದೇ ಜಾಗವಿದೆ. ಡಿಪೋದಲ್ಲಿ ಜೊತೆಯವರಿಗೆ ಇದನ್ನೆಲ್ಲ ವಿವರಿಸಲು ಹೋಗಬೇಡಿ, ಕಂಠಶೋಷಣೆ ಅಷ್ಟೆ.

ಎರಡನೇ ಆಪರೇಷನ್ ಮಾಡಿಸಿ ಅಥವಾ ಬೇಡ ಎನ್ನುವ ಅಧಿಕಾರ ನನಗಿಲ್ಲ. ಆದರೆ ಸ್ಕ್ರೂ ಹಾಕಿಸಿ ಎಂದವರನ್ನು ನೀವು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ‘ಯಾವ ದೋಷ ಸರಿಪಡಿಸಲು ಸ್ಕ್ರೂ?’ ಬಗ್ಗಿದಾಗ, ಹಿಂದಕ್ಕೆ ವಾಲಿದಾಗ ತೆಗೆದ ಎಕ್ಸ್‌ರೇಯಲ್ಲಿ ಮೂಳೆ ಜಾರುತ್ತಿದೆಯೇ? ಡಿಸ್ಕ್ ಮತ್ತೆ ಹೊರಬಂದು ನರ ಒತ್ತುತ್ತಿದೆಯೇ? ಅದು ಡಿಸ್ಕೋ ಹಳೆಯ ಗಾಯದ ಕಲೆಯೋ ಎಂಬುದು ಕಾಂಟ್ರಾಸ್ಟ್ ಔಷಧಿ ಕೊಟ್ಟು ಮಾಡುವ ಎಂಆರ್‌ಐಯಲ್ಲಿ ಹೆಚ್ಚು ಸ್ಪಷ್ಟವಾಗುತ್ತದೆ. ಇಂಥ ಕಾರಣ ಬೆರಳಿಟ್ಟು ತೋರಿಸಿದರೆ ಯೋಚಿಸಿ. ‘ನೋವಿದೆಯಲ್ಲ, ಅದಕ್ಕೇ’ ಎಂಬುದೇ ಉತ್ತರವಾದರೆ ಎದ್ದು ಬನ್ನಿ. ಬೆನ್ನಿನ ಆಪರೇಷನ್‌ನಲ್ಲಿ ಮೊದಲನೆಯದಕ್ಕಿಂತ ಎರಡನೆಯದಕ್ಕೆ ಫಲ ಕಡಿಮೆ. ಸ್ಕ್ರೂ ಹಾಕಿ ಬಿಗಿದ ಕಡೆಯ ಭಾರ ಅಕ್ಕಪಕ್ಕದ ಡಿಸ್ಕ್‌ಗಳ ಮೇಲೂ ಬೀಳುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ನೋವಿಗೆಂದೇ ಪೇನ್ ಕ್ಲಿನಿಕ್ ಇರುತ್ತದೆ, ಹೆಚ್ಚಾಗಿ ಅರಿವಳಿಕೆ ವಿಭಾಗದವರು ನಡೆಸುತ್ತಾರೆ. ಅಲ್ಲೊಮ್ಮೆ ತೋರಿಸಿ. ಆದರೆ ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಕುಳಿತುಕೊಳ್ಳುವ ಜಾಗ ಜೋಮುಗಟ್ಟಿದರೆ, ಪಾದ ಮೊದಲಿಗಿಂತ ಸೋತು ಎಳೆಯತೊಡಗಿದರೆ ಅಪಾಯಿಂಟ್‌ಮೆಂಟ್ ಕಾಯುತ್ತ ಕೂರಬೇಡಿ, ಆ ಕ್ಷಣವೇ ತುರ್ತು ವಿಭಾಗಕ್ಕೆ ಹೋಗಿ.

ಆ ಭಾನುವಾರಕ್ಕೆ ಬರೋಣ. ನೋವು ಕಡಿಮೆ ಇದ್ದ ದಿನ ಬಾಕಿ ಕೆಲಸವೆಲ್ಲ ಒಂದೇ ಏಟಿಗೆ ಮುಗಿಸುವುದು, ಆಮೇಲೆ ಮಲಗುವುದು, ಎದ್ದ ಮೇಲೆ ಮತ್ತೆ ಅದೇ. ಪ್ರತಿ ಸುತ್ತಿನಲ್ಲೂ ಮೈ ಸ್ವಲ್ಪ ಸ್ವಲ್ಪ ಸೋಲುತ್ತದೆ, ಮೂಟೆ ಕಂಡರೆ ಭಯವೂ ಶುರುವಾಗುತ್ತದೆ. ನನ್ನ ಪ್ರಕಾರ ನೀವು ಮೊದಲು ಕೈ ಹಾಕಬೇಕಾದದ್ದು ಇಲ್ಲಿಗೆ, ಇದಕ್ಕೆ ಒಡವೆಯೂ ಬೇಕಿಲ್ಲ. ಇನ್ನು ಮುಂದೆ ಕೆಲಸ ನಿಲ್ಲಿಸಲು ನೋವಿನ ಅಪ್ಪಣೆಗೆ ಕಾಯಬೇಡಿ, ಗಡಿಯಾರ ನೋಡಿ. ಕೂತ 20 ನಿಮಿಷಕ್ಕೆ ಸೊಂಟ ಹಿಡಿಯುತ್ತದೆ ಎಂದಾದರೆ 15ಕ್ಕೇ ಎದ್ದು ನಾಲ್ಕು ಹೆಜ್ಜೆ ಹಾಕಿ. ನಡಿಗೆಯನ್ನು ಕೆಟ್ಟ ದಿನವೂ ಸಾಧ್ಯವಾಗುವಷ್ಟರಿಂದಲೇ ಶುರುಮಾಡಿ, ಅದು ಮನೆಯಿಂದ ಬೀದಿ ಕೊನೆಯವರೆಗಾದರೂ ಸರಿ. ಒಳ್ಳೆಯ ದಿನ ಬಂತೆಂದು ಎರಡು ಪಟ್ಟು ನಡೆಯಬೇಡಿ (ಕಷ್ಟವಿರುವುದು ಇದರಲ್ಲೇ), ಕೆಟ್ಟ ದಿನ ಬಂತೆಂದು ಪೂರ್ತಿ ಬಿಡಲೂ ಬೇಡಿ. ವಾರಕ್ಕಿಷ್ಟು ಎಂದು ಏರಿಸುತ್ತ ಹೋಗಿ. ಬೆನ್ನು ಹೊಟ್ಟೆಯ ವ್ಯಾಯಾಮವನ್ನು ಫಿಸಿಯೋಥೆರಪಿಯವರ ಕಣ್ಣೆದುರೇ ಕಲಿಯಿರಿ. ಎಳೆದು ಲಟಕೆ ತೆಗೆದು ಸರಿಮಾಡುತ್ತೇವೆ ಎನ್ನುವವರ ಕೈಗೆ, ಆಪರೇಷನ್ ಆದ ಬೆನ್ನನ್ನು ದಯವಿಟ್ಟು ಕೊಡಬೇಡಿ. ಹೀಗೆ ಮಾಡಿದರೆ ನೋವು ಸೊನ್ನೆಯಾಗುತ್ತದೆ ಎಂದು ನಾನು ಹೇಳುವುದಿಲ್ಲ. ಹಾಸಿಗೆ ಹಿಡಿಯುವ ದಿನಗಳು ಕಡಿಮೆಯಾಗಬಹುದು, ಇಂಥ ದಿನ ಇಷ್ಟು ಮಾಡಬಲ್ಲೆ ಎಂಬ ಅಂದಾಜು ನಿಮ್ಮ ಕೈಗೆ ಮರಳಬಹುದು.

ಬಸ್ಸಿನ ವಿಷಯಕ್ಕೆ ಮುಲಾಜಿಲ್ಲದೆ ಹೇಳುತ್ತೇನೆ. ಎಡಗಾಲು ಕ್ಲಚ್ಚಿನ ಕಾಲು. ಅದರ ಬಲದ ಬಗ್ಗೆ ನಿಮಗೇ ಅನುಮಾನ, ಮೇಲೆ ಮಂಪರು ತರಿಸುವ ಮಾತ್ರೆ, ಹಿಂದೆ ಸೀಟು ತುಂಬ ಜನ. ಡಾಕ್ಟರು ಪರೀಕ್ಷಿಸಿ ಓಡಿಸಬಹುದು ಎನ್ನುವವರೆಗೆ ಸ್ಟೀರಿಂಗ್ ಹಿಡಿಯಬೇಡಿ. ಕೆಲಸ ಹೋದೀತೆಂಬ ಭಯಕ್ಕೆ ಮುಚ್ಚಿಟ್ಟಿದ್ದೀರಿ, ಅರ್ಥವಾಗುತ್ತದೆ. ಆದರೆ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 20(4)ನೇ ಕಲಂ ನೋಡಿ: ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದ ನೌಕರನನ್ನು ಸರ್ಕಾರಿ ಸಂಸ್ಥೆ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ, ಇದ್ದ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಕೆಲಸಕ್ಕೆ ಹಾಕಬೇಕು. ಬರೀ ನೋವು ಎಂದರೆ ಅಂಗವೈಕಲ್ಯದ ಸರ್ಟಿಫಿಕೇಟ್ ಸಿಗುವುದು ಕಷ್ಟ. ಕಾಲಿನ ಬಲ ಕುಂದಿರುವುದನ್ನು ಅಳೆದು ಬರೆಯಬಹುದು. ಆದ್ದರಿಂದ ನೀವು ಮುಚ್ಚಿಟ್ಟಿರುವ ಹೆಬ್ಬೆರಳೇ ನಿಮ್ಮ ಪರವಾದ ಸಾಕ್ಷಿ. ವೈದ್ಯಕೀಯ ವರದಿ ಲಗತ್ತಿಸಿ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆದುಕೊಳ್ಳಿ. ಯೂನಿಯನ್ನಿನವರನ್ನೂ ವಿಚಾರಿಸಿ.

ಒಡವೆ ಬಿಚ್ಚಿಕೊಡಲು ಸಿದ್ಧವಾದ ಹೆಣ್ಣುಮಗಳು ನಿಮ್ಮ ನೋವನ್ನು ನಂಬಿಯಾಗಿದೆ. ಅವರ ಮುಂದೆ ನೀವು ಸಾಬೀತು ಮಾಡಬೇಕಾದದ್ದು ಏನೂ ಇಲ್ಲ. ರೇಗಿದ್ದಕ್ಕೆ ಕ್ಷಮೆ ಕೇಳಿ, ಹೆಬ್ಬೆರಳ ವಿಷಯ ಹೇಳಿ, ರಾತ್ರಿಯ ಯೋಚನೆಗಳನ್ನೂ ಹೇಳಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಹಳೆಯ ಡಿಸ್ಚಾರ್ಜ್ ಚೀಟಿ, ಎಂಆರ್‌ಐ ಫಿಲ್ಮ್ ಜೊತೆ ಅವರನ್ನೂ ಕರೆದುಕೊಂಡು ಹೋಗಿ. ಸ್ಕ್ರೂ ಯಾಕೆ ಎಂಬ ಪ್ರಶ್ನೆಯನ್ನು ಅವರೇ ಕೇಳಲಿ. ಉತ್ತರ ಇಬ್ಬರಿಗೂ ಒಪ್ಪಿಗೆಯಾಗುವವರೆಗೆ ಒಡವೆ ಮನೆಯಲ್ಲೇ ಇರಲಿ.