ಲಾವಾ ಬೇರೆ, ಹೂಳು ಬೇರೆ

ನಮಸ್ಕಾರ. ನದಿಯ ದಡದಲ್ಲಿ ಕಾಣುವ ಪದರಗಳ ಬಗ್ಗೆ ಪುಣೆಯಿಂದ ನೀವು ಕಳಿಸಿದ ಲೇಖನ ‘ನದಿ ಬಿಡಿಸಿದ ಪುಟಗಳು’ ಓದಿದೆವು. ಭಾಷೆ ಸರಾಗವಾಗಿದೆ, ಆದರೆ ಈಗಿರುವಂತೆ ಅಚ್ಚಿಗೆ ಕೊಡಲಾಗದು. ಬುಡದಲ್ಲೇ ತಪ್ಪಿದೆ.

ಮಹಾರಾಷ್ಟ್ರದ ನಿಘೋಜ್‌ನಲ್ಲಿ ಕುಕಡಿ ನದಿ ಗುಂಡಿ ಗುಂಡಿಯಾಗಿ ಕೊರೆದ ಕರಿಬಂಡೆಯನ್ನು ನೀವು ‘ನದಿ ತಂದ ಹೂಳು’ ಎಂದಿದ್ದೀರಿ. ಅದು ಬಸಾಲ್ಟ್, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಗಟ್ಟಿಯಾದ ಲಾವಾ. ಪಶ್ಚಿಮ ಘಟ್ಟದ ಬೆಟ್ಟಗಳಲ್ಲಿ ಕಾಣುವ ಮೆಟ್ಟಿಲಿನಂಥ ಹಂತಗಳೂ ಲಾವಾ ಹಾಸಿನ ಮೇಲೆ ಹಾಸು ಬಿದ್ದು ಆದವೇ. ನಡುವಿನ ಕೆಂಪು ಪಟ್ಟಿ ಹೆಚ್ಚಾಗಿ, ಮುಂದಿನ ಲಾವಾ ಬರುವ ಮೊದಲು ಬಿಸಿಲು ಮಳೆಗೆ ಶಿಥಿಲವಾದ ಮೇಲ್ಮೈ. ‘ನೀರು ಬಂಡೆಯನ್ನು ಕರಗಿಸಿತು’ ಎಂಬ ಸಾಲೂ ನಿಲ್ಲುವುದಿಲ್ಲ. ಆ ಗುಂಡಿಗಳನ್ನು ಕೊರೆದದ್ದು ಪ್ರವಾಹದ ಸುಳಿಯಲ್ಲಿ ತಿರುಗಿದ ಕಲ್ಲು, ಮರಳು.

ಹೂಳೇ ಬೇಕಿದ್ದರೆ ಅದೇ ಕುಕಡಿಯ ಮೇಲ್ದಿಕ್ಕಿಗೆ, ಜುನ್ನರ್ ತಾಲೂಕಿನ ಬೋರಿ ಎಂಬ ಹಳ್ಳಿಗೆ ಹೋಗಿ. ಅಲ್ಲಿ ದಡ ಕೊರೆದಲ್ಲಿ ನದಿಯ ಹೂಳಿನ ನಡುವೆ ಜ್ವಾಲಾಮುಖಿ ಬೂದಿಯ ಪದರವಿದೆ. ಸುಮಾತ್ರಾದ ಟೋಬಾ ಜ್ವಾಲಾಮುಖಿಯಿಂದ ಬಂದದ್ದು. ‘75,000 ವರ್ಷ ಹಳೆಯದು’ ಎಂದು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅದು ಟೋಬಾದ ಆ ಕಾಲದ ಸ್ಫೋಟದ್ದೋ, ಅದಕ್ಕೂ ಹಲವು ಲಕ್ಷ ವರ್ಷ ಹಿಂದಿನದೋ ಎಂದು ಸಂಶೋಧಕರು ದಶಕಗಳ ಕಾಲ ವಾದಿಸಿದ್ದಾರೆ. ಅಲ್ಲೇ ಶಿಲಾಯುಗದ ಕೈಗೊಡಲಿಗಳೂ ಸಿಕ್ಕಿರುವುದರಿಂದ ಅವುಗಳ ಕಾಲವೂ ಈ ವಾದಕ್ಕೆ ತಗುಲಿಕೊಂಡಿದೆ. ಲೇಖನದ ಜೀವ ಇಲ್ಲಿದೆ. ನೀವು ಅದನ್ನು ಆವರಣ ಚಿಹ್ನೆಯೊಳಗೆ ಹಾಕಿ ಮುಂದೆ ಹೋಗಿದ್ದೀರಿ!

ದಡ ಗೋಡೆಯಂತೆ ನಿಲ್ಲುವುದು ತಿರುವಿನ ಹೊರಮಗ್ಗುಲಲ್ಲಿ. ನೀರು ಮೊದಲು ಬುಡದ ಸಡಿಲ ಮರಳನ್ನು ಕೀಳುತ್ತದೆ, ಆಧಾರ ತಪ್ಪಿದ ಮೇಲಿನ ಜೇಡಿ ಹೆಂಟೆ ಹೆಂಟೆಯಾಗಿ ಕಳಚುತ್ತದೆ. ಎಷ್ಟೋ ಸಲ ಕುಸಿತ ನೆರೆ ಇಳಿಯುವಾಗಲೇ ಆಗುತ್ತದೆ: ದಡ ನೀರು ಕುಡಿದು ಭಾರವಾಗಿರುತ್ತದೆ, ಎದುರಿನಿಂದ ಒತ್ತಿ ಹಿಡಿದಿದ್ದ ನೀರು ಇರುವುದಿಲ್ಲ. ಮಳೆಗಾಲ ಮುಗಿದ ಕೂಡಲೇ ಅದರಡಿ ನಿಂತು ಫೋಟೋ ತೆಗೆಯಬೇಡಿ.

ಬೇಸಿಗೆಯಲ್ಲಿ ಹೋದಾಗ ಕರಣೆಯಿಂದ ಒಂದಡಿ ಅಗಲದ ಪಟ್ಟಿಯನ್ನು ಮೇಲಿಂದ ಕೆಳಗೆ ಕೆರೆಯಿರಿ. ಜಾರಿದ ಮಣ್ಣು ಬುಡವನ್ನು ಮುಚ್ಚಿರುತ್ತದೆ, ಅದನ್ನೇ ಪದರವೆಂದು ಬರೆಯುವವರು ಬಹಳ. ಬರೆಯುವುದು ಮಾತ್ರ ಬುಡದಿಂದ ಮೇಲಕ್ಕೆ: ದಪ್ಪ, ಬಣ್ಣ, ಕಣ. 2 ಮಿ.ಮೀ.ಗಿಂತ ದೊಡ್ಡದು ಜಲ್ಲಿ. ನುಣ್ಣಗಿದ್ದರೆ ಚಿಟಿಕೆ ಹಲ್ಲಿಗಿಟ್ಟು ನೋಡಿ. ಕರಕರ ಎಂದರೆ ಮೆಕ್ಕಲು, ಬೆಣ್ಣೆಯಂತಿದ್ದರೆ ಜೇಡಿ. ಚಪ್ಪಟೆ ಜಲ್ಲಿ ಒಂದರ ಮೇಲೊಂದು ಒರಗಿದ್ದರೆ ಅವು ಇಳಿವಾಲುವ ದಿಕ್ಕು ಸಾಮಾನ್ಯವಾಗಿ ನದಿಯ ಮೇಲ್ದಿಕ್ಕು. ಹರಿವು ಅದಕ್ಕೆ ಎದುರು.

‘ಕೆಳಗಿನದು ಹಳೆಯದು’ ಎಂಬುದು ಒಂದೇ ಗೋಡೆಗೆ ಸರಿ. ನದಿ ತಳ ಕೊರೆದು ಕೆಳಗಿಳಿಯುತ್ತ ಬಿಟ್ಟುಹೋದ, ಮೆಟ್ಟಿಲಿನಂಥ ಹಳೆಯ ದಂಡೆಯ ಮಟ್ಟಗಳಿಗೆ ಅದು ತಲೆಕೆಳಗು. ಅಲ್ಲಿ ಎತ್ತರದ ಮಟ್ಟವೇ ಸಾಮಾನ್ಯವಾಗಿ ಹಳೆಯದು.

ಪುಸ್ತಕದ ಪುಟ ಎಂಬ ಹೋಲಿಕೆ ಐದು ಸಲ ಬಂದಿದೆ, ಐದನ್ನೂ ತೆಗೆಯಿರಿ. ಒಂದೇ ನೆರೆ ಅಡಿಗಟ್ಟಲೆ ಹೂಳು ಹಾಕಬಹುದು, ಆಮೇಲೆ ಸಾವಿರ ವರ್ಷ ಏನೂ ಬೀಳದಿರಬಹುದು. ಗ್ರ್ಯಾಂಡ್ ಕ್ಯಾನ್ಯನ್ ಭಾಗವೂ ಬೇಡ. ಕಲ್ಲಾಗಿ ಗಟ್ಟಿಯಾದ ಹೂಳಿಗೆ ಉದಾಹರಣೆ ಬೇಕಾದರೆ ಗೋಕಾಕ ಸಾಕು. ಅಲ್ಲಿ ಘಟಪ್ರಭಾ ಮರಳುಗಲ್ಲಿನ ಮೇಲಿಂದ ಸುಮಾರು 52 ಮೀಟರ್ ಧುಮುಕುತ್ತದೆ.

ಬೋರಿಯ ಒಂದೇ ಗೋಡೆ ಹಿಡಿದು, 900 ಪದಗಳಲ್ಲಿ, ಅಳತೆಪಟ್ಟಿ ಕಾಣುವ ಒಂದು ಚಿತ್ರದೊಂದಿಗೆ ಮತ್ತೆ ಕಳಿಸಿ.