ಪಾಷಾಣ ಅಂದ್ರೆ ಕಲ್ಲಾ, ವಿಷಾನಾ?

ಹೊಳಲ್ಕೆರೆಯಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ. ನಿಮ್ಮಜ್ಜನ ಕಾಲದ ಕ್ರಯಪತ್ರದಾಗೆ "ನಿಧಿ ನಿಕ್ಷೇಪ ಜಲ ಪಾಷಾಣ ಸಹಿತ" ಅಂತ ಐತೆ, ಪೇಪರ್‌ನೋರು ದಿನಾ ಅದಿರಿನ ನಿಕ್ಷೇಪ ಅಂತ ಬರೀತಾರೆ, ಹಂಗಾದ್ರೆ ಹೊಲದೊಳಗಿನ ಅದಿರೂ ನಮ್ದೇ ಅಲ್ವಾ ಅಂತ ಕೇಳಿದ್ದೀರಿ.

ಅದಿರಿನ ಹಕ್ಕು ಯಾರ್ದು ಅನ್ನೋದನ್ನ ಗಣಿ ಕಾನೂನು ತಿಳಿದ ವಕೀಲರೇ ಹೇಳ್ಬೇಕು, ನಾನು ಪದದ ಬಗ್ಗೆ ಮಾತ್ರ ಹೇಳ್ತೀನಿ. ಆ ಸಾಲು ಅಜ್ಜನದ್ದೂ ಅಲ್ಲ, ಪತ್ರ ಬರೆದೋರದ್ದೂ ಅಲ್ಲ, ಶಾಸನಗಳ ಅಷ್ಟಭೋಗದಿಂದ, ಅಂದ್ರೆ ಭೂಮಿ ಜೊತೆ ಕೊಡ್ತಿದ್ದ ಎಂಟು ಬಗೆ ಹಕ್ಕಿನ ಪಟ್ಟಿಯಿಂದ ಬಂದಿದ್ದು. ಅಲ್ಲಿ ನಿಕ್ಷೇಪ ಅಂದ್ರೆ ಯಾರೋ ಹೂತಿಟ್ಟ ಒಡವೆ ದುಡ್ಡು, ಅದಿರಲ್ಲ. ಇನ್ನು ಪಾಷಾಣ ನೋಡ್ರಿ, ಇವತ್ತು ಇಲಿ ಪಾಷಾಣ ಅಂತ ಅಂಗಡೀಲಿ ಕೇಳ್ತೀವಿ, ಹಂಗಂತ ಅಜ್ಜ ಹೊಲದ ಜೊತೆ ವಿಷಾನೂ ಕೊಂಡ್ರು ಅಂತ ನೀವೂ ಓದಲ್ಲ, ಕಲ್ಲು ಅಂತಾನೇ ಓದ್ತೀರಿ. ಒಂದು ಪದಕ್ಕೆ ಹಳೇ ಅರ್ಥ, ಪಕ್ಕದ ಪದಕ್ಕೆ ಹೊಸ ಅರ್ಥ ಹಿಡಿಯೋದು ನ್ಯಾಯ ಅಲ್ಲ. ನೆಲದೊಳಗಿನ ಕಲ್ಲು ಮಣ್ಣಿನ ವಾದ ಹೂಡೋದಾದ್ರೆ ಪಾಷಾಣದ ಮೇಲೆ ಹೂಡ್ರಿ, ನಿಕ್ಷೇಪದ ಮೇಲೆ ಬೇಡ.

ಇದೇ ಜಗಳ ಅಮೆರಿಕದ ಸುಪ್ರೀಂ ಕೋರ್ಟಲ್ಲೂ ಆಯ್ತು. ಅಲ್ಲಿನ ಸಂವಿಧಾನದ 1791ರ ತಿದ್ದುಪಡೀಲಿ ಜನರ ಹಕ್ಕು ಅಂತ "ಬೇರ್ ಆರ್ಮ್ಸ್", ಅಂದ್ರೆ ಆಯುಧ ಹಿಡಿಯೋದು, ಅಂತ ಐತೆ. ಮನುಷ್ಯ ತನ್ನ ಪಾಡಿಗೆ ಆಯುಧ ಒಯ್ಯೋದಾ, ಸಿಪಾಯಿಯಾಗಿ ಹಿಡಿಯೋದಾ? 2008ರ ಹೆಲ್ಲರ್ ಕೇಸಲ್ಲಿ ಎರಡೂ ಕಡೆ ಜಡ್ಜ್‌ಗಳು ಹಳೇ ಡಿಕ್ಷನರಿ ತಿರುವಿದ್ರು, ಕೊನೆಗೆ 5–4ರಲ್ಲಿ ಮೊದಲನೇ ಅರ್ಥ ಗೆದ್ದಿತು. ಆಮೇಲೆ ಆ ಕಾಲದ ಬರಹಗಳನ್ನ ರಾಶಿ ಹಾಕಿ ಕಂಪ್ಯೂಟರಲ್ಲಿ ಹುಡುಕಿದ ಭಾಷಾತಜ್ಞರಿಗೆ ಸಿಕ್ಕಿದ್ದು ಬಹುಪಾಲು ಸೈನ್ಯದ ಅರ್ಥಾನೇ. ಡಿಕ್ಷನರಿ ಬಿಡಿ ಪದಕ್ಕೆ ಅರ್ಥ ಕೊಡ್ತದೆ, ಎರಡು ಪದ ಜೋಡಿಯಾಗಿ ಜನರ ಬಾಯಲ್ಲಿ ಹೆಂಗಿದ್ವು ಅಂತ ಹೇಳಲ್ಲ.

ಆದ್ರೆ ಹಳೇ ಅರ್ಥಾನೇ ಕೊನೇ ಮಾತು ಅಂದ್ರೆ ನಾನು ಒಪ್ಪಲ್ಲ. ವಕೀಲಿ ಕಾನೂನಲ್ಲಿ "ಪರ್ಸನ್", ಅಂದ್ರೆ ಮನುಷ್ಯ, ಅಂತ ಇದ್ರೂ 1916ರಲ್ಲಿ ಕಲ್ಕತ್ತಾ ಹೈಕೋರ್ಟ್ ರೆಜಿನಾ ಗುಹಾಗೆ ವಕೀಲಿಕೆ ಕೊಡ್ಲಿಲ್ಲ, ಕಾನೂನು ಬರೆದಾಗ ಹೆಂಗಸರು ಯಾರ ಮನಸ್ಸಲ್ಲೂ ಇರ್ಲಿಲ್ಲ ಅನ್ನೋ ಲೆಕ್ಕಾಚಾರ. ಓದಿ ಪಾಸಾದ ಹೆಣ್ಣುಮಗಳು ಮನುಷ್ಯಳೇ ಅಲ್ಲ ಅಂದಂಗಾಯ್ತು, ಇವತ್ತು ಓದಿದ್ರೂ ಸಿಟ್ಟು ಬರ್ತದೆ. ಅದನ್ನ ಸರಿಮಾಡೋಕೆ 1923ರಲ್ಲಿ ಹೊಸ ಕಾನೂನೇ ಬರಬೇಕಾಯ್ತು. ನಿಮ್ಮದು ಇಬ್ಬರ ನಡುವಿನ ಕ್ರಯ, ಅಲ್ಲಿ ಅವರಿಬ್ಬರು ಏನು ತಿಳ್ಕೊಂಡಿದ್ರು ಅನ್ನೋದೇ ದೊಡ್ಡದು. ಊರಿಗೆಲ್ಲಾ ಅನ್ವಯಿಸೋ ಕಾನೂನು ಆಮೇಲೆ ಹುಟ್ಟಿದೋರನ್ನೂ ಕಾಯ್ಬೇಕಲ್ವಾ.

ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಅದೇ ವರ್ಷದ, ಅಕ್ಕಪಕ್ಕದ ಹೊಲಗಳ ಪತ್ರದ ನಕಲು ತೆಗೆಸ್ರಿ. ಎಲ್ಲದರಲ್ಲೂ ಅದೇ ಸಾಲು ಇದ್ರೆ ಅದು ಬರೆಯೋರ ರೂಢಿ, ನಿಮ್ಮದ್ರಲ್ಲಿ ಮಾತ್ರ ಇದ್ರೆ ವಕೀಲರಿಗೆ ಮೊದಲು ಅದನ್ನೇ ತೋರಿಸ್ರಿ.

– ಸಂಪಾದಕ